ಶೋ ಗಿಡದ ಬೇಸಾಯ

ಹೂವು ಮುಡಿಯೋಕೆ ಬರಲ್ಲ, ಸೊಪ್ಪು ಸಾರಿಗೆ ಆಗಲ್ಲ, ಅಂಥ ಗಿಡಕ್ಕೆಲ್ಲ ನಮ್ಮ ಕಡೆ ಒಂದೇ ಹೆಸರು: ಶೋ ಗಿಡ. ರಾಜೀವನಗರದ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಅಂಥವು ಆರು ಕುಂಡ ಇವೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ ಕಣ್ಣಿಗಷ್ಟು ಹಸಿರು ಕಂಡರೆ ಸಾಕಿತ್ತು. ಅವುಗಳ ಒಳಗುಟ್ಟು ತಿಳಿಯಬೇಕು ಅನ್ನಿಸಿದ್ದು ಅಪ್ಪ ಬಂದ ಮೇಲೆ.

ಅಪ್ಪ ಕೆ.ಆರ್. ನಗರದ ಕಡೆಯ ಭತ್ತದ ರೈತ. ಅಮ್ಮ ತೀರಿಕೊಂಡ ಮೇಲೆ, ಮಂಡಿನೋವಿನ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದರು. ಮೈ ಇಲ್ಲಿ, ಮನಸ್ಸು ಗದ್ದೆಯಲ್ಲಿ. "ಮಗಳ ಮನೇಲಿ ಎಷ್ಟು ದಿನ ಅಂತ ಇರೋದು?" ಅನ್ನುವ ಮಾತು ದಿನಕ್ಕೊಮ್ಮೆ ಬರುತ್ತಿತ್ತು. ನನ್ನ ಕುಂಡಗಳನ್ನು ನೋಡಿ, "ತಿನ್ನಂಗಿಲ್ಲ, ಮುಡಿಯಂಗಿಲ್ಲ, ಇವ್ಯಾಕವ್ವ?" ಅಂದರು.

ಪಕ್ಕದ ಮನೆಯವರು ಒಂದು ದಿನ ತಮ್ಮ ಕಾಗದದ ಹೂವಿನ ಗಿಡ, ಅದೇ ಬೋಗನ್‌ವಿಲ್ಲಾ, ಬರೀ ಎಲೆ ಬಿಡ್ತಿದೆ ಅಂತ ಬೇಜಾರು ಮಾಡಿಕೊಂಡರು. ಅದಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಮಣ್ಣು ಒಣಗಿದ ಮೇಲೆಯೇ ನೀರು, ಸಾರಜನಕದ ಗೊಬ್ಬರ ಕಮ್ಮಿ ಅಂತ ಓದಿದ್ದನ್ನು ಹೇಳಿದೆ. ಅಪ್ಪ ಒಳಗಿನಿಂದಲೇ, "ಅಷ್ಟೇಯಾ? ಯೂರಿಯಾ ಜಾಸ್ತಿ ಆದ್ರೆ ಭತ್ತಾನೂ ಬರೀ ಹುಲ್ಲು ಬೆಳೀತದೆ, ಕಾಳು ಕಟ್ಟಲ್ಲ" ಅಂದರು. ಆ ಗಿಡದ ಗುಲಾಬಿ ಬಣ್ಣದ್ದು ದಳವೇ ಅಲ್ಲ, ಬಣ್ಣ ತಿರುಗಿದ ಎಲೆ, ನಿಜವಾದ ಹೂವು ಒಳಗಿನ ಪುಟ್ಟ ಬಿಳಿ ಕೊಳವೆ ಎಂದು ತೋರಿಸಿದಾಗ ಕನ್ನಡಕ ತರಿಸಿಕೊಂಡು ನೋಡಿದರು.

ಅಲ್ಲಿಂದ ಶುರು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ಕತ್ತರಿಸಿ ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚು ಇರಲ್ಲ, ಬರೀ ಹಸಿರು. ಅಂಚಿನ ಜೀವಕೋಶಗಳೇ ಬೇರೆ, ನಡುವಿನವೇ ಬೇರೆ. ಬುಡದ ಮರಿಯನ್ನು ಬೇರುಸಮೇತ ಬಿಡಿಸಿ ನೆಟ್ಟರೆ ಮಾತ್ರ ಅಂಚು ಉಳಿಯುತ್ತದೆ. "ಬಾಳೆ ಕಂದು ಕಿತ್ತು ನೆಟ್ಟಂಗೆ" ಅಂದರು ಅಪ್ಪ.

ಮನಿ ಪ್ಲಾಂಟ್ ವಿಷಯದಲ್ಲಿ ಅವರೇ ನನಗಿಂತ ಮುಂದಿದ್ದರು. ನಮ್ಮ ಒಂದೂವರೆ ವರ್ಷದ ಮಗಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವವಳು. "ಎಲೆ ನೋಡಿದ್ರೆ ಕೆಸುವಿನ ಜಾತಿ ಥರ ಅದೆ, ಬಾಯಿ ಕೆರೆದಾತು, ಮೇಲಕ್ಕೆ ಕಟ್ಟು" ಅಂದರು. ಹುಡುಕಿ ನೋಡಿದರೆ ಮಾತು ನಿಜ! ಮನಿ ಪ್ಲಾಂಟ್, ಡೈಫೆನ್‌ಬಾಕಿಯಾ, ಕೆಸು, ಸುವರ್ಣಗೆಡ್ಡೆ ಎಲ್ಲ ಒಂದೇ ಕುಟುಂಬ. ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹಸಿಯಾಗಿ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಮನೆಯಲ್ಲಿ ಮಗು ಇದ್ದರೆ ನೀವೂ ಇವನ್ನು ಎತ್ತರದಲ್ಲಿಡಿ.

ಗಾಳಿ ಶುದ್ಧವಾಗುತ್ತೆ ಅಂತ ತಂದಿದ್ದರೆ ಇನ್ನೊಂದು ಮಾತು. 1989ರ ನಾಸಾ ಪ್ರಯೋಗ ನಡೆದಿದ್ದು ಮುಚ್ಚಿದ ಪೆಟ್ಟಿಗೆಯಲ್ಲಿ. 2019ರ ಒಂದು ವಿಮರ್ಶೆಯ ಲೆಕ್ಕದಂತೆ, ಕಟ್ಟಡದೊಳಗೆ ಸಹಜವಾಗಿ ಗಾಳಿಯಾಡುವುದರಿಂದ ಆಗುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. ಅದಕ್ಕಿಂತ ಕಿಟಕಿ ತೆಗೆಯೋದು ಸುಲಭ.

ನಾಟಿ ಸಮಯಕ್ಕೆ ಅಪ್ಪ ಊರಿಗೆ ಹೊರಟಿದ್ದಾರೆ. ತಡೆಯೋಕೆ ಆಗಲ್ಲ, ತಡೆಯಲೂಬಾರದು. ಆದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಯಾವ ಕುಂಡಕ್ಕೆ ಯಾವತ್ತು ನೀರು ಅಂತ ಬರೆದಿದ್ದಾರೆ. ಇಪ್ಪತ್ತನೇ ದಿನದ ಚೌಕದಲ್ಲಿ ಮಾತ್ರ, "ಮರಿ ಬಿಡಿಸಬೇಡಿ, ನಾನು ಬಂದು ಬಿಡಿಸ್ತೀನಿ" ಅಂತಿದೆ.