ಬೆಲೆ ಬೆಂಗಳೂರಿನದು, ಬಾಡಿಗೆ ಸಕಲೇಶಪುರದ್ದು

ಸಕಲೇಶಪುರದಂಥ ಊರಿನಲ್ಲಿ ಸ್ಟ್ರಿಂಗರ್ ಎಂದರೆ ಸುದ್ದಿಯ ಜತೆ ಜಾಹೀರಾತನ್ನೂ ಹೊಂದಿಸುವವನು. ಈಚಿನ ವರ್ಷಗಳಲ್ಲಿ ನನ್ನ ಕೈಗೆ ಬರುವ ಜಾಹೀರಾತುಗಳಲ್ಲಿ ಹೆಚ್ಚಿನವು ಲೇಔಟ್, ವಿಲ್ಲಾಗಳವು. ಮಂಜು, ಬೆಟ್ಟ, ತಿಂಗಳು ತಿಂಗಳು ಬಾಡಿಗೆ: ಎಲ್ಲದರಲ್ಲೂ ಇದೇ ಪಲ್ಲವಿ. ಅಂಥದ್ದೊಂದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಭಾವ ನನ್ನ ಹತ್ತಿರ ಬಂದರು. ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಕೈಯಲ್ಲಿರುವುದು 30 ಲಕ್ಷ, ಪಿಂಚಣಿ ಹೆಸರಿಗಷ್ಟೇ. ಅಕ್ಕನ ಔಷಧಿ, ಮಗಳ ಓದು ಎಲ್ಲ ಆ ದುಡ್ಡಿನಲ್ಲೇ ನಡೆಯಬೇಕು.

ಬಾಡಿಗೆಗೆಂದು ಮನೆ ಕೊಳ್ಳುವವರಿಗೆ ಒಂದು ಸರಳ ಲೆಕ್ಕವಿದೆ. ಮನೆಯ ಬೆಲೆಯನ್ನು ಒಂದು ವರ್ಷದ ಬಾಡಿಗೆಯಿಂದ ಭಾಗಿಸಬೇಕು. 15ರ ಆಸುಪಾಸು ಬಂದರೆ ಕೊಳ್ಳಬಹುದು, 20 ದಾಟಿದರೆ ಯೋಚಿಸಬೇಕು ಎನ್ನುವುದು ರೂಢಿ. ಭಾವ ನೋಡಿದ್ದ ಸಕಲೇಶಪುರದ ಮನೆಗೆ 48 ಲಕ್ಷ ಹೇಳಿದ್ದರು. ಆ ಬೀದಿಯಲ್ಲಿ ಬಾಡಿಗೆ 9 ಸಾವಿರ, ವರ್ಷಕ್ಕೆ 1.08 ಲಕ್ಷ. ಭಾಗಿಸಿದರೆ 44! ಅಂದರೆ ನೂರು ರೂಪಾಯಿಗೆ ಎರಡೂಕಾಲು ರೂಪಾಯಿ. ಅದಕ್ಕೂ 18 ಲಕ್ಷ ಸಾಲ ಬೇಕು.

‘ಬೆಟ್ಟ ಕಾಣೋ ಮನೆಗೆ ಜನ ಬರಲ್ವೇನಪ್ಪಾ?’ ಎಂದರು.

‘ಬರ್ತಾರೆ ಭಾವ, ಶನಿವಾರ ಬಂದು ಭಾನುವಾರ ಹೋಗ್ತಾರೆ’ ಎಂದೆ.

ಹೋಂಸ್ಟೇ ಬೇರೆ ಕಸುಬು. ಅಡುಗೆ, ಹಾಸಿಗೆ, ಪರವಾನಗಿ, ಕುಡಿದು ಗಲಾಟೆ ಮಾಡುವವರನ್ನು ಸಂಭಾಳಿಸುವುದು, ಅದೆಲ್ಲ ಭಾವನ ಕೈಲಾಗದು. ತಿಂಗಳ ಬಾಡಿಗೆ ಕೊಡುವವರು ಇಲ್ಲಿ ಯಾರು? ತೋಟದ ಕಾರ್ಮಿಕರಲ್ಲಿ ಬಹಳಷ್ಟು ಜನ ಲೈನ್ ಮನೆಗಳಲ್ಲೇ ಇರುತ್ತಾರೆ. ಉಳಿದವರು ಮೇಷ್ಟ್ರು, ನರ್ಸು, ಬ್ಯಾಂಕಿನವರು, ಡಿಪೋದವರು, ಅಂಗಡಿ ಹುಡುಗರು. ಬಾಡಿಗೆ ಇವರ ಸಂಬಳಕ್ಕೆ ತಕ್ಕಂತೆ ನಿಲ್ಲುತ್ತದೆ. ಮನೆಯ ಬೆಲೆ ಮಾತ್ರ ವಾರಾಂತ್ಯಕ್ಕೆ ಬಂದು ಸೈಟು ನೋಡುವ ಬೆಂಗಳೂರಿನವರ ಜೇಬು ನೋಡಿ ಏರುತ್ತದೆ. ಅನುಪಾತ 44 ಆಗುವುದು ಹೀಗೆ.

ನಡುವೆ ಒಮ್ಮೊಮ್ಮೆ ಬಾಡಿಗೆಯೂ ಜಿಗಿಯುವುದುಂಟು. ಎತ್ತಿನಹೊಳೆ ಯೋಜನೆಯ ಕೆಲಸ ಜೋರಾಗಿದ್ದಾಗ ನಮ್ಮ ಬೀದಿಯ ಮನೆಗಳಿಗೆ ಎಂಜಿನಿಯರುಗಳು ಕೇಳಿದಷ್ಟು ಕೊಟ್ಟು ಬಂದರು. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಪಕ್ಕದ ಮನೆಗೆ ಈಗ ‘ಬಾಡಿಗೆಗಿದೆ’ ಬೋರ್ಡು ಬಿದ್ದಿದೆ. ಕಾಮಗಾರಿಯ ಬಾಡಿಗೆಯನ್ನು ಭಾಜಕವಾಗಿ ಹಿಡಿಯಬಾರದು.

ಆಮೇಲೆ ಇಬ್ಬರೂ ಆಲೂರಿಗೆ ಹೋದೆವು. ಹಾಸನಕ್ಕೆ ಸುಮಾರು 12 ಕಿ.ಮೀ. ದೂರ, ಹೆದ್ದಾರಿಯ ಬಸ್ಸಿದೆ, ರೈಲ್ವೆ ಸ್ಟೇಷನ್ ಇದೆ. ಹಾಸನದಲ್ಲಿ ದುಡಿದು ಇಲ್ಲಿ ಮಲಗುವವರಿದ್ದಾರೆ. ಊರಂಚಿನ ತೋಟದ ದಾರಿಯ ಮನೆಗಳನ್ನು ಭಾವ ತಾವೇ ಬೇಡವೆಂದರು: ಸಂಜೆ ಪಾಳಿ ಮುಗಿಸಿ ಬರುವ ಹೆಣ್ಣುಮಗಳು ಆನೆ ಓಡಾಡುವ ದಾರಿಯಲ್ಲಿ ಮನೆ ಹಿಡಿಯುತ್ತಾಳೆಯೇ? ಪೇಟೆಯೊಳಗೆ ಒಂದೇ ಸಾಲಿನ ಮೂರು ಮನೆ ಸಿಕ್ಕಿತು. ಹೆಂಚಿನ ಮಾಡು, 27 ಲಕ್ಷ. ಒಂದೊಂದಕ್ಕೆ 4,500 ಬಾಡಿಗೆ ಎಂದರು. ವರ್ಷಕ್ಕೆ 1.62 ಲಕ್ಷ, ಅನುಪಾತ 16.7.

ಮಲೆನಾಡಿನಲ್ಲಿ ನಾನು ಹನ್ನೆರಡು ತಿಂಗಳ ಬಾಡಿಗೆ ಹಿಡಿಯುವುದಿಲ್ಲ. ಮಳೆ ಮುಗಿದ ಮೇಲೆ ಹೆಂಚು ಬದಲಿಸಬೇಕು, ಪಾಚಿ ಕೆರೆದು ಸುಣ್ಣ ಬಳಿಯಬೇಕು, ನಡುವೆ ಖಾಲಿ ಬೀಳುವುದೂ ಇದೆ. ಹತ್ತು ತಿಂಗಳಿಗೆ ಹಿಡಿದರೆ 20. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ, ಅದನ್ನೂ ಮುದ್ರಾಂಕ ಶುಲ್ಕವನ್ನೂ ಬೆಲೆಗೆ ಸೇರಿಸಬೇಕು. ಆದರೂ 44ರ ಮುಂದೆ ಇದು ವಾಸಿ, ಸಾಲವೂ ಬೇಡ.

ಭಾವ ಮಾಲೀಕರ ಮಾತಿಗೆ ನಿಲ್ಲದೆ ಮೂರೂ ಬಾಗಿಲು ತಟ್ಟಿದರು. ಕೊನೆಯ ಮನೆಯ ಅಜ್ಜಿ, ‘ನಮ್ದು ಭೋಗ್ಯ ಕಣಪ್ಪ, ಮೂರು ಲಕ್ಷ ಕೊಟ್ಟಿದೀವಿ’ ಎಂದರು. ಅಲ್ಲಿಂದ ತಿಂಗಳಿಗೆ ಒಂದು ಪೈಸೆ ಬರುವುದಿಲ್ಲ. ಹನ್ನೆರಡೂ ತಿಂಗಳು ಹಿಡಿದರೂ ವರ್ಷಕ್ಕೆ 1.08 ಲಕ್ಷ, ಅನುಪಾತ 25. ಮೇಲೆ ಆ ಮೂರು ಲಕ್ಷ ಹಿಂದಿರುಗಿಸುವ ಹೊರೆ ಕೊಂಡವರ ತಲೆಗೆ.

ಅದನ್ನು ಬೆಲೆಯಲ್ಲಿ ಕಳೆದರೆ ಮಾತ್ರ ಮುಂದಿನ ಮಾತು ಎಂದು ಭಾವ ಹೇಳಿ ಬಂದಿದ್ದಾರೆ. ಮಾಲೀಕರು ದೀಪಾವಳಿ ಕಳೆಯಲಿ ಎಂದಿದ್ದಾರೆ. ಖಾತೆ ಇನ್ನೂ ಅವರ ತಂದೆಯ ಹೆಸರಿನಲ್ಲಿದೆ.