ಮೀನ ಹುಡುಕೋ ಮಷಿನ್ ತಗೋಳೋಕಿಂತ ಮೊದಲ (ಭಾಗ 6)

ಇಂಡಿಯಿಂದ ಒಬ್ಬ ತಮ್ಮ ಮೆಸೇಜ್ ಮಾಡ್ಯಾನ. "ಅಕ್ಕಾ, ಐಸ್ ಫಿಶಿಂಗ್ ರೀಲ್ಸ್ ನೋಡಿ ನೋಡಿ ತಲಿ ಕೆಟ್ಟೈತಿ. ರಜಾದಾಗ ಲಿಂಬಿ ತ್ವಾಟದಾಗ ದುಡದ ರೊಕ್ಕ ಕೂಡಿಟ್ಟೀನಿ. ಫಿಶ್ ಫೈಂಡರ್ ತಗೋಬೇಕು, ಯಾವುದು ಚಲೋ?" ಅಂತ. ಸಿಂದಗಿಯಿಂದಲೂ ಇಂಥಾದ್ದೇ ಒಂದು ಪ್ರಶ್ನೆ ಬಂದೈತಿ. ಬಿಸಲಾಗ ದುಡದ ರೊಕ್ಕದ ಮಾತಿದು, ಅದಕ್ಕ ಎರಡು ಸಾಲಿನಾಗ ಉತ್ತರ ಕೊಡಾಕ ಮನಸಾಗಲಿಲ್ಲ. ಸ್ವಲ್ಪ ಉದ್ದ ಆಗತೈತಿ, ಓದ್ರಿ.

ಮೊದಲು ಆ ರೀಲ್ಸ್‌ನಾಗ ಏನ ನಡೀತೈತಿ ಅನ್ನೋದು. ಅಮೆರಿಕದ ಮಿನ್ನೆಸೋಟಾ, ಕೆನಡಾ ಕಡೆ ಚಳಿಗಾಲದಾಗ ಕೆರಿ ಮ್ಯಾಲೆಲ್ಲಾ ಬರ್ಫ ಕಟ್ಟತೈತಿ. ಕನಿಷ್ಠ 4 ಇಂಚು ಗಟ್ಟಿ ಬರ್ಫ ಇದ್ರ ಮಾತ್ರ ಅದರ ಮ್ಯಾಲೆ ನಡೀಬೇಕು ಅನ್ನೋದು ಅಲ್ಲಿಯವರ ಲೆಕ್ಕ. ಅದರಾಗ ಒಂದು ತೂತು ಕೊರದು ಗಾಳ ಇಳಸ್ತಾರ. ನೀರು 4 ಡಿಗ್ರಿಯಲ್ಲಿ ಅತಿ ಭಾರ ಇರೋದರಿಂದ ಆ ನೀರು ತಳದಾಗ ಕೂಡತೈತಿ, ಮ್ಯಾಲಷ್ಟೇ ಹೆಪ್ಪುಗಟ್ಟತೈತಿ. ಕೆಳಗ ಮೀನ ಜೀವಂತ ಇರತಾವ, ಆದ್ರ ಚಳಿಗೆ ಮಂದ ಆಗಿರತಾವ. ಬೆನ್ನತ್ತಿ ಬಂದು ತಿನ್ನಂಗಿಲ್ಲ. ಅದಕ್ಕ ಅವರ ಗಾಳ ಕಡ್ಲಿಕಾಳಷ್ಟು ಸಣ್ಣದು, ಮೀನಿನ ಮೂಗಿನ ಮುಂದ ಮೆಲ್ಲಕ ಕುಣಸಬೇಕು.

ಮೀನ ಎಷ್ಟು ಆಳದಾಗ ನಿಂತೈತಿ ಅಂತ ಗೊತ್ತಾಗದಿದ್ರ ಆ ಕುಣಿತ ಯಾರಿಗೆ? ಹಂಗಾಗಿ ಅವರಿಗೆ ಮಷಿನ್ ಬೇಕೇ ಬೇಕು. ಅದು ನೀರಾಗ ಶಬ್ದ ಬಿಡತೈತಿ. ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಾಗ ಹೋಗಿ, ತಳಕ್ಕೋ ಮೀನಿನ ಹೊಟ್ಟೀ ಒಳಗಿನ ಗಾಳಿಚೀಲಕ್ಕೋ ಬಡದು ವಾಪಸ್ ಬರತೈತಿ. ಬರಾಕ ಎಷ್ಟು ಹೊತ್ತು ಹಿಡೀತು ಅನ್ನೋದರ ಮ್ಯಾಲೆ ಆಳ ತೋರಸತೈತಿ. ತೂತು ಒಂದೇ, ಕೂತಿರೋ ಜಾಗಾನೂ ಒಂದೇ. ಸೀದಾ ಕೆಳಗ ನೋಡಿದ್ರ ಸಾಕು.

ಈಗ ಅದೇ ಮಷಿನ್ ಭೀಮಾಕ್ಕ ತಗೊಂಡ ಬರ್ರಿ. ಶಬ್ದ ಕೆಳಗ ಹೋಗೋದು ಹೆಡಿಗಿ ಬೋರಲು ಹಾಕಿದಂಗ, ಮ್ಯಾಲೆ ಸಣ್ಣಾಗಿ ಕೆಳಗ ಅಗಲಾಗಿ. 20 ಡಿಗ್ರಿ ಕೋನದ ಮಷಿನ್ 10 ಅಡಿ ಆಳದಾಗ ನೋಡೋದು ಬರೇ ಮೂರೂವರಿ ಅಡಿ ಅಗಲದ ಜಾಗ. ಬ್ಯಾಸಗಿಯಾಗ ಇಂಡಿ, ಸಿಂದಗಿ ಕಡೆ ಭೀಮಾ ಮಡು ಮಡು ಆಗಿ ಒಡದಿರತಾಳ, ಎಷ್ಟೋ ಕಡೆ ಮೊಣಕಾಲ ನೀರು. ಅಲ್ಲಿ ಮಷಿನ್ ನೋಡೋದು ನಿಮ್ಮ ಊಟದ ತಾಟಿನಷ್ಟು ಜಾಗಾನ. ಚಲೋದು ಅಂದ್ರ ಹತ್ತು ಸಾವಿರದ ಮ್ಯಾಲೆ ರೊಕ್ಕ. ನನ್ನ ಕೇಳಿದ್ರ, ದಂಡಿ ಮ್ಯಾಲೆ ಕೂತು ಗಾಳ ಹಾಕೋರಿಗೆ ಅದು ಬ್ಯಾಡ.

ಹಂಗಾರ ಏನ ಬೇಕು? ಮೀನ ಏನ ತಿಂತೈತಿ ಅನ್ನೋದು ಗೊತ್ತಿರಬೇಕು. ಹೊಳೆಯೋ ತಗಡಿನ ಮೀನು, ಬಣ್ಣಬಣ್ಣದ ರಬ್ಬರ್ ಹುಳ ನೋಡಿದ ಕೂಡಲೇ ಕಾರ್ಟಿಗೆ ಹಾಕತೀವಿ. ಆದ್ರ ನಮ್ಮ ಹಿನ್ನೀರಿನಾಗ ಹೆಚ್ಚಾಗಿ ಸಿಗೋ ರೋಹು, ಮೃಗಾಲ್, ಕಟ್ಲಾ ಬ್ಯಾಟಿ ಆಡೋ ಮೀನಲ್ಲ. ಮೃಗಾಲ್ ತಳದ ರಾಡಿ ಕೆದರಿ ತಿಂತೈತಿ, ರೋಹು ನಡುವಿನ ನೀರಾಗ ಪಾಚಿ ಗಿಡ ಮೇಯತೈತಿ, ಕಟ್ಲಾ ಮ್ಯಾಲಿನ ನೀರಾಗ ಬಾಯಿ ತಗದು ಕಣ್ಣಿಗೆ ಕಾಣದಂಥ ಜೀವಿಗಳನ್ನ ಸೋಸಿ ತಿಂತೈತಿ. ಅವಕ್ಕ ಸ್ಟೀಲ್ ಮೀನ ತೋರಿಸಿದ್ರ, ಎಮ್ಮಿಗೆ ಮಟನ್ ತೋರಿಸಿದಂಗ. ಜ್ವಾಳದ ಹಿಟ್ಟು, ಶೇಂಗಾ ಹಿಂಡಿ ಕಲಸಿದ ಉಂಡಿ ಸಾಕು. ವಾಸನಿ ನೀರಾಗ ಹರಡತೈತಿ, ಅವು ತಾವಾಗೇ ಬರತಾವ. ಜಿಲೇಬಿ ಮೀನಿಗೆ ಎರಿಹುಳ.

ಕೃತಕ ಗಾಳ ಕೆಲಸ ಮಾಡೋದು ಎರಡಕ್ಕ: ಬಾಳಿಮೀನ, ಕೊರಮೀನ. ಬಾಳಿಮೀನ ಆಳ ಮಡುವಿನಾಗ ಇರತೈತಿ, ಹೊತ್ತು ಮುಳುಗಿದ ಮ್ಯಾಲೆ ಬ್ಯಾಟಿಗೆ ಬರತೈತಿ. ಮಳಿಗಾಲದ ಕೆಂಪು ನೀರಾಗ ಬಣ್ಣ ನೋಡಿ ಗಾಳ ಆರಸೋದು ವ್ಯರ್ಥ, ಮೀನಿಗೇ ಕಾಣಂಗಿಲ್ಲ. ನೀರಿನ ಅಲುಗಾಟ ಹಿಡಿಯೋ ಒಂದು ಗೆರಿ ಮೀನಿನ ಮೈ ಪಕ್ಕಕ್ಕ ಇರತೈತಿ. ಅದಕ್ಕ ತಿರಗತಾ ನೀರ ನಡಗಸೋ ಗಾಳ ಬೇಕು. ನವೆಂಬರ್ ನಂತರ ನೀರು ತಿಳಿ ಆದಾಗ ಸಣ್ಣದು, ಮಾಸಿದ ಬಣ್ಣದ್ದು.

ಕೊರಮೀನಿಗೆ ರಬ್ಬರ್ ಕಪ್ಪಿ. ಅದು ಆಪು, ಜೊಂಡು ಬೆಳದ ದಂಡಿಯಾಗೇ ಇರತೈತಿ, ಗಾಳಿ ಕುಡಿಯಾಕ ಮ್ಯಾಲೆ ಬರತೈತಿ. ಗುಳ್ಳಿ ಎದ್ದದ್ದು ಕಣ್ಣಿಗೇ ಕಾಣತೈತಿ. ಇಲ್ಲಿ ಒಂದು ಮಾತು. ನೀರಿನ ಮ್ಯಾಲೆ ಕೆಂಪನ್ನ ಮರಿಗಳ ಗುಂಪು ಕುದ್ದಂಗ ಆಡತಿದ್ರ, ಅದರ ಕೆಳಗ ತಾಯಿ ಇಲ್ಲಾ ತಂದಿ ಕಾವಲಿಗೆ ಇರತೈತಿ. ಕಪ್ಪಿ ಬಿಟ್ರ ಸಿಟ್ಟಿಗೆ ಬಂದು ಕಚ್ಚೇ ಕಚ್ಚತೈತಿ. ರೀಲ್ಸ್‌ಗೆ ಭಾರಿ ವಿಡಿಯೋ. ಕಾವಲು ಹೋದ ಮ್ಯಾಲೆ ಮರಿಗಳನ್ನ ಉಳಿದ ಮೀನು ಅರ್ಧ ದಿನದಾಗ ಮುಗಸತಾವ. ಅಂಥ ವಿಡಿಯೋಕ್ಕ ನನ್ನ ಟ್ಯಾಗ್ ಮಾಡಬ್ಯಾಡ್ರಿ.

ಮಷಿನ್ ಒಂದು ಸಲ ನಾನೂ ಬಳಸೀನಿ. ದಾರಕ್ಕ ಕಟ್ಟಿ ಎಸಿಯೋ ಚೆಂಡಿನಂಥಾದ್ದು, ಫೋನಿನಾಗ ಚಿತ್ರ ಬರತೈತಿ. ಗೆಳತಿಯದು ತಗೊಂಡು ನಮ್ಮ ಕಾಕಾನ ತೆಪ್ಪದಾಗ ಆಲಮಟ್ಟಿ ಹಿನ್ನೀರಿಗೆ ಹೋಗಿದ್ದೆ, ಕೊಲ್ಹಾರದ ಕಡೆ. ಕೊಲ್ಹಾರ ಈಗ ಬ್ಯಾರೆ ತಾಲೂಕು, ಮೊದಲು ಬಸವನ ಬಾಗೇವಾಡಿ ತಾಲೂಕಿನಾಗೇ ಇತ್ತು. ಗಡಗಿ ಮೊಸರಿನ ಹಳೇ ಕೊಲ್ಹಾರ ನೀರಾಗ ಹೋಗಿ ಊರು ಮ್ಯಾಲೆ ಬಂದದ್ದು ನಿಮಗ ಗೊತ್ತೇ ಐತಿ. ಕಾಕಾನ ಹಳೇ ಮನಿನೂ ಅಂಥದ್ದೇ ಒಂದು ಮುಳುಗಡಿ ಜಾಗಾದಾಗ ಐತಿ.

ಫೋನಿನಾಗ ತಳ 22 ಅಡಿ, 22 ಅಡಿ ಅಂತ ಸಪಾಟಾಗಿ ಬರತಿತ್ತು. ಕಾಕಾ ಫೋನ್ ನೋಡಿರಲಿಲ್ಲ, ಹುಟ್ಟು ಹಾಕತಿದ್ದ. "ಈಗ ಗ್ವಾಡಿ ಬರತೈತಿ ನೋಡವಾ" ಅಂದ. ಗೆರಿ ಗಪ್ಪನ 17ಕ್ಕ ಏರಿತು, ದಪ್ಪ ಆಯಿತು. ಕಲ್ಲಿಗೆ ಶಬ್ದ ಗಟ್ಟಿ ಬಡದು ಬಂದ್ರ ಗೆರಿ ದಪ್ಪ, ರಾಡಿ ಇದ್ರ ತೆಳು. ಗ್ವಾಡಿ ಪಕ್ಕಕ್ಕ ಮೀನಿನ ಗುರುತು ಮೂರು ನಾಲ್ಕು. "ನಿನಗ ಹೆಂಗ ಗೊತ್ತು?" ಅಂದೆ. "ಗೊತ್ತಿಲ್ಲದಿದ್ರ ಬಲಿ ಹರೀತೈತಲ್ಲ" ಅಂದ. ಆಚೆ ಗುಡ್ಡದ ಮ್ಯಾಲಿನ ಗುಡಿ ಒಂದು, ಈಚೆ ಒಂದು ಕರೆಂಟ್ ಕಂಬ. ಎರಡನ್ನೂ ಕಣ್ಣಾಗ ಕೂಡಿಸಿ ಓಣಿ ಹಿಡೀತಾನ. ಮುಂದ ಹೋಗಿ ಹುಟ್ಟು ನಿಲ್ಲಿಸಿ, "ಇಲ್ಲಿ ನಮ್ಮ ಹಗೇವ ಇತ್ತು, ಕಾಣತೈತೇನು?" ಅಂತ ಫೋನಿಗೆ ಬಗ್ಗಿದ. ತಳ ಸಪಾಟ. ಹೂಳು ತುಂಬಿತ್ತು. ಸ್ವಲ್ಪ ಹೊತ್ತು ನೋಡಿ, "ಬಿಡು" ಅಂದ.

ಈಗ ಅಣೆಕಟ್ಟಿನ ಮಟ್ಟ 519.60 ಮೀಟರಿನಿಂದ 524.256ಕ್ಕ ಏರಸೋ ಮಾತು ನಡದೈತಿ. ಅದನ್ನ ಹೇಳಿದ್ರ ಕಾಕಾ, "ಹಂಗಾರ ಮತ್ತಷ್ಟು ಗ್ವಾಡಿ ನೆನಪ ಇಟಗೋಬೇಕು" ಅಂತ ನಕ್ಕ. ನನಗ ನಗು ಬರಲಿಲ್ಲ.

ಆ ಗ್ವಾಡಿ ಜಾಗದ ಲೊಕೇಶನ್ ಕೇಳಿ ಹದಿನೈದು ಜನ ಬರದೀರಿ. ಹಾಕಂಗಿಲ್ಲ. ಅದು ನಮಗ ರವಿವಾರದ ಮೋಜು, ಲೈಸೆನ್ಸ್ ತಗೊಂಡು ಬಲಿ ಬಿಡೋರಿಗೆ ವಾರದ ಸಂತಿ ರೊಕ್ಕ. ಈ ಆ್ಯಪ್‌ಗಳು ಆಳದ ನಕ್ಷಾ ಉಳಿಸಿ ಹಂಚತಾವ. ನಿಮ್ಮ ಫೋನಿನಾಗೂ ಆ ಶೇರ್ ಬಟನ್ ಆಫ್ ಮಾಡ್ರಿ.

ಮುದ್ದೇಬಿಹಾಳದವರಿಗೆ ಬ್ಯಾರೆ ಮಾತು. ನೀವು ಆಲಮಟ್ಟಿ ಕೆಳಗ ಇದ್ದೀರಿ. 290 ಮೆಗಾವ್ಯಾಟಿನ ವಿದ್ಯುತ್ ಮನಿ ಶುರು ಆದ್ರ, ಗೇಟ್ ತಗದ್ರ, ಹೊಳಿ ನಡುವಿನ ಬಂಡಿ ಮ್ಯಾಲೆ ಕೂತೋರಿಗೆ ಸುತ್ತಲೂ ನೀರು ಏರತೈತಿ. ಭೀಮಾಕ್ಕ ಉಜನಿಯಿಂದ ಬಿಟ್ರೂ ಹಂಗ. 2020ರ ಅಕ್ಟೋಬರ್ ನೆನಪಿರಬೇಕು. ಯಾವ ಫಿಶ್ ಫೈಂಡರೂ ಅದನ್ನ ಮೊದಲ ಹೇಳಂಗಿಲ್ಲ. ಹೋಗೋಕಿಂತ ಮೊದಲ ನೀರು ಬಿಡತಾರೇನು ಅಂತ ಊರಾಗ ಕೇಳ್ರಿ, ಒಬ್ಬರೇ ಹೋಗಬ್ಯಾಡ್ರಿ.

ರೊಕ್ಕದ ಲೆಕ್ಕ: ಒಂದು ಸಾದಾ ಕೋಲು, ತಂಗೂಸ್ ದಾರ, ನಾಲ್ಕು ಅಳತಿ ಗಾಳ, ಸೀಸದ ಗುಂಡು, ಒಂದು ರಬ್ಬರ್ ಕಪ್ಪಿ, ತಿರಗೋದು ಒಂದು. ಆಳ ನೋಡಾಕ ದಾರಕ್ಕ ಸೀಸ ಕಟ್ಟಿ ಗಂಟು ಹಾಕ್ರಿ, ಅಡಿಗೊಂದು. ಉಳಿದ ರೊಕ್ಕ ಬ್ಯಾಂಕಿನಾಗೇ ಇರಲಿ. ಮುಂದಿನ ಭಾಗದಾಗ ಶೇಂಗಾ ಹಿಂಡಿ ಉಂಡಿ ನೀರಾಗ ಒಡೀದಂಗ ಕಲಸೋದು ಹೆಂಗ ಅಂತ ಬರೀತೀನಿ, ಫೋಟೋ ಸಮೇತ.

#ಕೃಷ್ಣಾ #ಭೀಮಾ #ಗಾಳ #ನಮ್ಮವಿಜಯಪುರ