ಓಡದೆ ಮುಗಿಸಿದ ಹಾಫ್ ಮ್ಯಾರಥಾನ್

ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ಆ ಬಾಲಂಗೋಚಿ 97.5 ಮೀಟರ್ ಎಲ್ಲಿಂದ ಬಂತಪ್ಪಾ ಅಂದರೆ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಓಟ ಶುರುಮಾಡಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಸಿದರು. ಅದು 42.195 ಆಯ್ತು, 1921ರಲ್ಲಿ ಅದೇ ಖಾಯಂ ಆಯ್ತು. ಅದರಲ್ಲಿ ಅರ್ಧ ನಮ್ಮ ಪಾಲಿಗೆ. ಈ ಪುರಾಣವನ್ನೆಲ್ಲ ನನಗೆ ಹೇಳಿದವನು ಭಟ್ಟ.

ಭಟ್ಟ ಎರಡು ಸಲ ಹಾಫ್ ಓಡಿದವನು. ಹೋದ ವರ್ಷ ಶಟಲ್ ಆಡುವಾಗ ಮಂಡಿಯ ಲಿಗಮೆಂಟ್ ಹರಿದುಕೊಂಡ. ಆಪರೇಷನ್ ಆಯ್ತು, ತಿಂಗಳುಗಟ್ಟಲೆ ಫಿಸಿಯೋಥೆರಪಿ ಆಯ್ತು. ಕುಂಟೋದು ನಿಂತಿತು. ಜೊತೆಗೆ ಮನೆ ಬಿಟ್ಟು ಹೊರಡೋದೂ ನಿಂತುಹೋಯ್ತು! ಕಾಫಿಗೆ ಕರೆದರೆ "ಆ ಹೋಟ್ಲು ಮೊದಲನೇ ಮಹಡೀಲಿದೆಯಲ್ಲೋ" ಅನ್ನೋನು. ಡಾಕ್ಟರು ಹೇಳಿದ್ದು "ಓಟ ಈಗಲೇ ಬೇಡ, ಎಷ್ಟು ಬೇಕಾದ್ರೂ ನಡೀರಿ" ಅಂತ. ಅದರಲ್ಲಿ ಮೊದಲ ಅರ್ಧ ಮಾತ್ರ ಅವನ ಕಿವಿಗೆ ಬಿದ್ದಿತ್ತು.

ಉಪಾಯ ಹುಡುಕಿದವನು ಪಾಟೀಲ. "ಡಾಕ್ಟರು ನಡಿ ಅಂದಾರಿಲ್ಲೋ? ಹಂಗಾರ ಇಪ್ಪತ್ತೊಂದು ಕಿಲೋಮೀಟರ್ ನಡದು ಬಿಡೂಣು." ಹೊಸಪೇಟೆಯಿಂದ ಹಂಪಿ, ಅಲ್ಲಿಂದ ಹೊಳೆ ದಂಡೆ ಹಿಡಿದು ವಿಠ್ಠಲ ದೇವಸ್ಥಾನ, ಆಮೇಲೆ ಕಮಲಾಪುರ. ನಾವು ನಾಲ್ಕು ಜನ: ಭಟ್ಟ, ಪಾಟೀಲ, ಗೌಡ ಮತ್ತು ನಾನು. ಶುಕ್ರವಾರ ರಾತ್ರಿ ರೈಲು ಹತ್ತಿದೆವು, ಶನಿವಾರ ಪೂರ್ತಿ ತಿಂದು ಮಲಗಿದೆವು.

ನಡೆಯೋದು ಸುಲಭ ಅಂದುಕೊಂಡವರಿಗೊಂದು ಲೆಕ್ಕ. ಗಂಟೆಗೆ ಐದು ಕಿಲೋಮೀಟರಿನಂತೆ ಎಲ್ಲೂ ನಿಲ್ಲದೆ ನಡೆದರೂ ನಾಲ್ಕೂಕಾಲು ಗಂಟೆ ಬೇಕು. ಸ್ಪರ್ಧೆಗಳಲ್ಲಿ ಮೂರೂವರೆ ಗಂಟೆಗೆಲ್ಲ ಅಂಗಡಿ ಮುಚ್ಚುವುದುಂಟು. ಅಷ್ಟರೊಳಗೆ ಮುಗಿಸಬೇಕಾದರೆ ಹತ್ತು ನಿಮಿಷಕ್ಕೊಂದು ಕಿಲೋಮೀಟರ್... ನಡೆದು ನೋಡಿ, ಗೊತ್ತಾಗುತ್ತೆ. ಓಡುವವನು ಎರಡೂಕಾಲು ಗಂಟೆಯಲ್ಲಿ ಮುಗಿಸಿ ಇಡ್ಲಿ ತಿನ್ನುವ ಹೊತ್ತಿಗೆ ನಡೆಯುವವನು ಇನ್ನೂ ಬಿಸಿಲಲ್ಲೇ ಇರ್ತಾನೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಚಳಿಗಾಲದ ನಸುಕು. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವೇ ಇವತ್ತಿನ ಹೊಸಪೇಟೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪಯಣಿಗ ಡೊಮಿಂಗೋ ಪಾಯಸ್, ಇಲ್ಲಿಂದ ರಾಜಧಾನಿಯವರೆಗೆ ದಾರಿಯುದ್ದಕ್ಕೂ ಮನೆ, ಅಂಗಡಿ, ನೆರಳಿನ ಮರಗಳಿದ್ದವು ಅಂತ ಬರೆದಿಟ್ಟಿದ್ದಾನೆ. ನಮಗೆ ಸಿಕ್ಕಿದ್ದು ಲಾರಿಗಳ ಹೆಡ್‌ಲೈಟು. ಭಟ್ಟ ಎರಡು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ. ಖಾಲಿ ಆಟೋ ಬರುತ್ತಾ ಅಂತ!

ಅನಂತಶಯನಗುಡಿಯ ಹತ್ತಿರ ಪಾಟೀಲ ಒಂದು ಕಥೆ ತೆಗೆದ. 1524ರಲ್ಲಿ ರಾಯ ಕಟ್ಟಿಸಿದ ಈ ಗುಡಿಯ ಗರ್ಭಗೃಹದಲ್ಲಿ ಮೂರ್ತಿ ಇಲ್ಲ. ದೇವರು "ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ, ತಿರುಗಿ ಮಾತ್ರ ನೋಡಬೇಡ" ಅಂದನಂತೆ. ಹೊಳಲಿನ ಹತ್ತಿರ ರಾಯನಿಗೆ ಅನುಮಾನ ಬಂದು ತಿರುಗಿ ನೋಡಿದ. ದೇವರು ಅಲ್ಲೇ ಮಲಗಿಬಿಟ್ಟ. "ತಿಳೀತೇನ್ಲೇ ಭಟ್ಟಾ?" ಅಂದ ಪಾಟೀಲ. ಆಮೇಲೆ ಅವನು ತಿರುಗಲಿಲ್ಲ. ಕಡ್ಡಿರಾಂಪುರ ದಾಟುವ ಹೊತ್ತಿಗೆ ಬೆಳಕಾಗಿತ್ತು, ಬಾಳೆತೋಟ, ಕಾಲುವೆಯ ನೀರಿನ ಸದ್ದು.

ಹಂಪಿಯಲ್ಲಿ ಉಗ್ರನರಸಿಂಹನ ಮುಂದೆ ಐದು ನಿಮಿಷ ನಿಂತೆವು. 1528ರ ಏಕಶಿಲೆ, 6.7 ಮೀಟರ್ ಎತ್ತರ. ಕೂತ ಮಂಡಿಗಳಿಗೆ ಅಡ್ಡಲಾಗಿ ಕಲ್ಲಿನ ಯೋಗಪಟ್ಟ ಇದೆ. ಭಟ್ಟ ಅದನ್ನೇ ನೋಡಿ ತನ್ನ ಪ್ಯಾಂಟ್ ಮೇಲೆತ್ತಿ "ಇವನಿಗೂ ನೀ-ಕ್ಯಾಪ್ ಹಾಕಿದಾರೆ ಕಣೋ" ಅಂದ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಒಳ್ಳೆ ಜೋಕು.

ಕಷ್ಟ ಇದ್ದಿದ್ದು ಬಜಾರು ದಾಟಿದ ಮೇಲೆ, ಹೊಳೆ ದಂಡೆಯ ದಾರಿಯಲ್ಲಿ. ಬಂಡೆಗಳ ಮಧ್ಯೆ ಏರಿಳಿತ, ಸವೆದು ನುಣುಪಾದ ಕಲ್ಲು. ಮಂಡಿ ಆಪರೇಷನ್ ಆದವರನ್ನು ಕೇಳಿ, ಹತ್ತೋದಕ್ಕಿಂತ ಇಳಿಯೋದಕ್ಕೇ ಭಯ. ಒಂದು ಕಡೆ ಮೂರೇ ಮೂರು ಮೆಟ್ಟಿಲು. ಅವನು ನಿಂತುಬಿಟ್ಟ. ಹಣೆಯಲ್ಲಿ ಬೆವರು. ಗೌಡ ಕೈ ಕೊಟ್ಟ, ಬೇಡ ಅಂದ. "ವಾಪಸ್ ಹೋಗಿ ರಸ್ತೆ ಮೇಲೆ ಹೋಗೋಣ" ಅಂತ ನಾನಂದೆ, ಅದಕ್ಕೂ ಬೇಡ ಅಂದ. ನಾವು ಮೂವರೂ ಹೊಳೆ ಕಡೆ ಮುಖ ಮಾಡಿ ಹರಿಗೋಲು ನೋಡುವವರ ಹಾಗೆ ನಿಂತೆವು. ಹರಿಗೋಲೇನೂ ಇರಲಿಲ್ಲ ಅನ್ನಿ. ಎಷ್ಟು ಹೊತ್ತಾಯಿತೋ... ಹಿಂದೆ ಕಲ್ಲಿಗೆ ಶೂ ಉಜ್ಜಿದ ಸದ್ದು, ಒಂದು, ಎರಡು. ಮೂರನೆಯದಕ್ಕೆ ನನ್ನ ಹೆಗಲ ಮೇಲೆ ಕೈ ಬಿತ್ತು. ಯಾರೂ ಮಾತಾಡಲಿಲ್ಲ.

ಅಲ್ಲಿಂದ ಮುಂದೆ ರಾಜನ ತುಲಾಭಾರದ ಕಂಬ. ಗೌಡನನ್ನು ತೂಗಿದರೆ ಸಾಮ್ರಾಜ್ಯ ಇನ್ನೂ ಬೇಗ ಮುಳುಗ್ತಿತ್ತು ಅಂತ ಪಾಟೀಲ ಶುರು ಹಚ್ಚಿಕೊಂಡ. ಕಲ್ಲಿನ ರಥದ ಹತ್ತಿರ ಒಂದೊಂದು ಬಾಳೆಹಣ್ಣು. ತಳವಾರಘಟ್ಟದ ಮೇಲಿಂದ ಕಮಲಾಪುರದ ರಸ್ತೆ ಅಂದರೆ ಬರೀ ಬಿಸಿಲು, ಡಾಂಬರು. ನನ್ನ ಎಡಗಾಲಲ್ಲಿ ಬೊಬ್ಬೆ ಎದ್ದಿತ್ತು. ಊರು ಮುಟ್ಟಿದಾಗ ಫೋನು ತೋರಿಸಿದ್ದು 19.6.

"ಸಾಕಲ್ವಾ, ಇಪ್ಪತ್ತು ಅಂದ್ಕೊಳ್ಳೋಣ" ಅಂದ ಗೌಡ, ಎಳನೀರಿನ ಗಾಡಿ ಕಡೆ ನೋಡ್ತಾ.

ಭಟ್ಟ ಉತ್ತರ ಕೊಡದೆ ಕೆರೆ ಏರಿಯ ಕಡೆ ನಡೆದ. ನಾವೂ ಹಿಂದೆ. ಹೋಗೋದು ಮುಕ್ಕಾಲು ಕಿಲೋಮೀಟರ್, ಬರೋದು ಅಷ್ಟೇ. 21 ಆದಾಗ ಮೂವರೂ ನಿಂತೆವು, ಅವನು ನಿಲ್ಲಲಿಲ್ಲ. "ತೊಂಬತ್ತೇಳೂವರೆ ಮೀಟರ್ ಬಾಕಿ ಇದೆ ಕಣ್ರೋ!" ಗಡಿಯಾರದಲ್ಲಿ ಐದು ಗಂಟೆ ಹನ್ನೆರಡು ನಿಮಿಷ. ಎಮ್ಮೆಯೊಂದು ನೋಡುತ್ತಿತ್ತು. ಮೆಡಲು ಇಲ್ಲ, ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಇತ್ತು. ನಾನು ನಾಲ್ಕು ತಿಂದೆ.

ರಾತ್ರಿ ಬೆಂಗಳೂರಿನ ರೈಲಿಗೆ ಸ್ಟೇಷನ್ನಿಗೆ ಬಂದೆವು. ಮೇಲ್ಸೇತುವೆಯ ಮೆಟ್ಟಿಲ ಮುಂದೆ ನಿಂತು "ಲಿಫ್ಟ್ ಇಲ್ವಾ?" ಅಂತ ಕೇಳಿದವನು ಗೌಡ. ಭಟ್ಟ ಆಗಲೇ ಕಂಬಿ ಹಿಡಿದು ಅರ್ಧ ಹತ್ತಿದ್ದ.